ಟಾರ್ಚಮ್ಮನ ನೀಲಿ ಕೋಲು

ಟಾರ್ಚಮ್ಮನನ್ನು ನಾನು ಮೊದಲು ನೋಡಿದ್ದು ನಡುರಸ್ತೆಯಲ್ಲಿ, ನನ್ನ ಅಳತೆ ಟೇಪನ್ನು ಬಸ್ಸೊಂದು ತುಳಿದುಕೊಂಡು ಹೋದ ಮರುಗಳಿಗೆಯಲ್ಲಿ.

ಆಗ ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಆ ಊರಿನ ಅಂಚಿನಲ್ಲಿ ದೊಡ್ಡದೊಂದು ಹೊಸ ರೈಲುಮಾರ್ಗ ಹಾದುಹೋಗಲಿತ್ತು. ರೈಲೆಂದರೆ ಹಳಿ, ಹಳಿಯೆಂದರೆ ಜಲ್ಲಿ ಎಂದು ಓದಿಕೊಂಡು ಬಂದಿದ್ದ ನನಗೆ ಹಳಿಗೂ ಮುಂಚೆ ಮುಗಿಯಬೇಕಾದ ಕೆಲಸ ಇಷ್ಟಿದೆ ಎಂದು ಗೊತ್ತಿರಲಿಲ್ಲ. ಹಳಿ ಬರುವ ಜಾಗದ ನೆಲದೊಳಗೆ ಕುಡಿಯುವ ನೀರಿನ ದೊಡ್ಡ ಪೈಪಿತ್ತು, ಕರೆಂಟಿನ ಕೇಬಲ್ಲಿತ್ತು, ಚರಂಡಿಯಿತ್ತು. ಅವೆಲ್ಲ ಮೊದಲು ಪಕ್ಕದ ರಸ್ತೆಯ ಕೆಳಕ್ಕೆ ಸರಿಯಬೇಕು. ಅದಕ್ಕಾಗಿ ರಸ್ತೆಯ ಅರ್ಧವನ್ನು ಅಗೆಯಬೇಕು. ಉಳಿದರ್ಧದಲ್ಲಿ ಗಾಡಿಗಳು ಹೇಗೆ ಹೋಗುತ್ತವೆ ಎಂದು ನೋಡಿಕೊಂಡು ಬರಲು ನನ್ನನ್ನು ಟೇಪು ಕೊಟ್ಟು ಕಳಿಸಿದ್ದರು.

ಟೇಪಿನ ಒಂದು ತುದಿಯನ್ನು ಕಲ್ಲಿನಡಿ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು, ಕೈ ಅಡ್ಡ ಚಾಚಿ ನಿಂತೆ. ಯಾರೂ ನಿಲ್ಲಲಿಲ್ಲ. ನನ್ನ ಹಳದಿ ಕೋಟು ನೋಡಿ ಮುಗುಳ್ನಕ್ಕು, ಸುತ್ತು ಹಾಕಿಕೊಂಡು ಹೋದರು. ಸ್ಕೂಟರಿನವರೊಬ್ಬರು ನಿಂತರು; ಆದರೆ ಅವರು ಆಸ್ಪತ್ರೆಗೆ ದಾರಿ ಕೇಳಿದರು. ಆಮೇಲೆ ಬಸ್ಸು ಬಂತು.

ತುಳಿಸಿಕೊಂಡ ಟೇಪನ್ನು ಸುತ್ತುತ್ತಿದ್ದಾಗ ಎದುರುಮನೆಯ ಬಾಗಿಲಿನಿಂದ ಒಂದು ದನಿ ಬಂತು.

"ಏನಮ್ಮಾ, ರಸ್ತೆ ಅಳೀತಿದ್ದೀಯೋ, ಬಸ್ಸಿನ ಚಕ್ರ ಅಳೀತಿದ್ದೀಯೋ?"

ಗಿಡ್ಡನೆಯ, ತುಂಬುಮೈಯ ಹೆಂಗಸು. ಕಂದುಬಣ್ಣದ ಸ್ವೆಟರಿನ ತೋಳನ್ನು ಮೊಣಕೈವರೆಗೆ ಸುತ್ತಿದ್ದರು. ಒಂದು ಕೈಯಲ್ಲಿ ಪೊರಕೆ.

"ಯಾರೂ ನಿಲ್ತಿಲ್ಲ ಆಂಟಿ. ಕೇಳ್ಕೊಂಡೆ."

"ಕೇಳ್ಕೊಂಡ್ರೆ ನಿಲ್ತಾರಾ? ನಿಲ್ಲಿಸ್ಬೇಕು." ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಬಂದಾಗ ಕೈಯಲ್ಲಿ ಉದ್ದನೆಯ ಸ್ಟೀಲಿನ ಟಾರ್ಚು. ಕಣ್ಣು ಕುಕ್ಕುವ ಬಿಸಿಲು. ಅವರು ರಸ್ತೆಯ ನಡುವೆ ಬಂದು, ಟಾರ್ಚು ಹೊತ್ತಿಸಿ, ಎದೆಯ ಮಟ್ಟಕ್ಕೆ ಹಿಡಿದು ಮೆಲ್ಲಗೆ ಕೆಳಕ್ಕೆ ಇಳಿಸಿದರು. ಎದುರಿಗೆ ಬರುತ್ತಿದ್ದ ಲಾರಿ ನಿಂತಿತು. ಅದರ ಹಿಂದೆ ಆಟೋ, ಆಟೋದ ಹಿಂದೆ ಮತ್ತೊಂದು ಬಸ್ಸು.

ಲಾರಿಯ ಡ್ರೈವರು ತಲೆ ಹೊರಗೆ ಹಾಕಿದ. "ಏನ್ ಟಾರ್ಚಮ್ಮಾ, ಪಿಕ್ಚರ್ ಶುರುವಾಯ್ತಾ?"

"ಶುರುವಾಗಿದೆ. ಸೀಟಲ್ಲಿ ಸುಮ್ನೆ ಕೂತಿರು."

ನಾನು ಅಳತೆ ಮುಗಿಸಿದೆ. ಥ್ಯಾಂಕ್ಸ್ ಹೇಳಿದ ಮೇಲೆ ತಡೆಯಲಾರದೆ ಕೇಳಿದೆ: "ಹಗಲಲ್ಲಿ ಟಾರ್ಚು ಯಾಕೆ ಆಂಟಿ? ಅವನಿಗೆ ದಾರಿ ಕಾಣ್ತಾನೇ ಇದೆಯಲ್ಲ."

"ದಾರಿ ಕಾಣ್ಲಿ ಅಂತ ಅಲ್ಲ. ನಾನು ಕಾಣ್ಲಿ ಅಂತ."

ಅಂದೇ ಹೋಗಿ ಸೈಟ್ ಸಾಹೇಬರಿಗೆ ಹೇಳಿದೆ. ಪೈಪಿನ ಕೆಲಸವೆಲ್ಲ ಅವರ ಉಸ್ತುವಾರಿ. ರಸ್ತೆ ಕಿರಿದಾದಾಗ ಎರಡು ತುದಿಗೂ ಬಾವುಟ ಹಿಡಿಯಲು ಸ್ಥಳೀಯರು ಬೇಕು ಎಂದು ಅವರು ಹುಡುಕುತ್ತಿದ್ದರು. ಮಾರ್ಕೆಟ್ ಕಡೆಯ ತುದಿಗೆ ಟಾರ್ಚಮ್ಮ ಸೇರಿದರು.

ಅವರ ಹೆಸರಿನ ಕತೆ ಮೊದಲ ವಾರದ ಚಹಾದ ಹೊತ್ತಿಗೇ ಗೊತ್ತಾಯಿತು. ನಾವು ಅಗೆಯುತ್ತಿದ್ದ ರಸ್ತೆ ಸರಿಯಾಗಿ ನಡುವೆ ಒಂದು ಹಳೆಯ ಸಿನಿಮಾ ಥಿಯೇಟರಿನ ಗೋಡೆಯನ್ನು ಬಳಸಿ ತಿರುಗುತ್ತಿತ್ತು. ಟಾರ್ಚಮ್ಮನ ಗಂಡ ಅಲ್ಲಿ ಪಿಕ್ಚರ್ ಓಡಿಸುವ ಆಪರೇಟರ್ ಆಗಿದ್ದರು. ಅವರು ಚಿಕ್ಕ ವಯಸ್ಸಿಗೇ ತೀರಿಕೊಂಡಾಗ ಮಾಲೀಕರು ಇವರ ಕೈಗೆ ಟಾರ್ಚು ಕೊಟ್ಟರು. ತಡವಾಗಿ ಬಂದವರಿಗೆ ಸೀಟು ತೋರಿಸುವುದು, ಕಾಲು ಚಾಚಿದವರ ಕಾಲು ಮಡಚಿಸುವುದು, ಶಿಳ್ಳೆ ಹೊಡೆದವರ ಮುಖಕ್ಕೆ ಬೆಳಕು ಬಿಡುವುದು. ಮಗನನ್ನು ಓದಿಸಿದ್ದು, ಎಲೆಕ್ಟ್ರಿಷಿಯನ್ ಮಾಡಿದ್ದು ಆ ಬೆಳಕಿನಲ್ಲೇ.

"ಕತ್ತಲಲ್ಲಿ ಯಾರ ಪಕ್ಕ ಯಾರು ಕೂತಿದ್ರು ಅಂತ ಈ ಊರಲ್ಲಿ ನನಗೊಬ್ಬಳಿಗೇ ಗೊತ್ತು. ಹೇಳಲ್ಲ, ಅಷ್ಟೆ," ಎಂದು ಅವರು ಹೇಳಿದಾಗ ಪೈಪಿನ ಕೆಲಸದ ಹಿರಿಯರೊಬ್ಬರು ಚಹಾದ ಲೋಟದೊಳಗೆ ಮುಖ ಮುಚ್ಚಿಕೊಂಡರು.

ಥಿಯೇಟರು ಮುಚ್ಚಿ ಪ್ಲಾಸ್ಟಿಕ್ ಸಾಮಾನಿನ ಗೋಡೌನಾಯಿತು. ಟಾರ್ಚಮ್ಮ ಮನೆಯಲ್ಲಿ ಕೂತರು. "ಮಗ ಸೊಸೆ ಚೆನ್ನಾಗೇ ನೋಡ್ಕೋತಾರೆ," ಎಂದರು ನನಗೆ. "ಆದ್ರೆ ಚೆನ್ನಾಗಿ ನೋಡ್ಕೊಳ್ಳೋಕೆ ನಾನೇನು ಹೂವಿನ ಕುಂಡಾನಾ? ಬೆಳಗ್ಗೆ ನೀರು ಹಾಕಿ, ಸಾಯಂಕಾಲ ಒಳಗಿಟ್ಟು... ನನಗೆ ಎಲ್ಲಾದ್ರೂ ನಿಂತು ಏನಾದ್ರೂ ಮಾಡ್ಬೇಕು."

ಪೈಪಿನ ಕೆಲಸದಲ್ಲಿ ದೂರು ಬರದಂತೆ ದುಡಿದವರನ್ನು ಮುಂದೆ ಹಳಿ ಹಾಕುವ ದೊಡ್ಡ ಕೆಲಸಕ್ಕೂ ಇಟ್ಟುಕೊಳ್ಳುತ್ತೇವೆ ಎಂದು ಸಾಹೇಬರು ಹೇಳಿದ್ದರು. ಅದು ವರ್ಷಗಟ್ಟಲೆ ನಡೆಯುವ ಕೆಲಸ. ಟಾರ್ಚಮ್ಮನಿಗೆ ಬೇಕಾಗಿದ್ದದ್ದು ಅದೊಂದೇ. ದಿನಾ ನನ್ನನ್ನು ಕೇಳುತ್ತಿದ್ದರು: "ಮರಿ ಇಂಜಿನಿಯರಮ್ಮಾ, ನನ್ನ ಮೇಲೆ ಏನಾದ್ರೂ ದೂರು ಬಂತಾ?"

ದೂರು ಬಂತು. ಕಾರಣ ಆಚೆ ತುದಿ.

ಆಸ್ಪತ್ರೆ ಕಡೆಯ ತುದಿಗೆ ಸಾಹೇಬರು ತಾವೇ ಹುಡುಕಿ ಒಬ್ಬರನ್ನು ಹಾಕಿದ್ದರು. ಎತ್ತರದ, ಸಣಕಲು ಹೆಂಗಸು. ಮೊದಲು ಶಾಲೆಯ ವ್ಯಾನಿನಲ್ಲಿ ಆಯಾ ಆಗಿದ್ದವರು. ಒಂದು ವ್ಯಾನು ತುಂಬ ಮಕ್ಕಳನ್ನು ಕಣ್ಣಲ್ಲೇ ಕೂರಿಸಿದವರು. ಗಾಡಿಗಳು ಅವರ ಮಾತೂ ಕೇಳುತ್ತಿದ್ದವು. ಇಬ್ಬರಿಗೂ ವಾಕಿಟಾಕಿ ಕೊಟ್ಟು, ಮೂರನೆಯದನ್ನು ನಾನು ಇಟ್ಟುಕೊಂಡೆ. ಮೊದಲ ಬೆಳಗ್ಗೆ ಟಾರ್ಚಮ್ಮ ವಾಕಿಟಾಕಿಯಲ್ಲಿ ಕರೆದದ್ದು ನನ್ನನ್ನು.

"ಮರಿ ಇಂಜಿನಿಯರಮ್ಮಾ, ಆ ಕಡೆ ಇರೋರಿಗೆ ಹೇಳು, ನಾನು ಗಾಡಿ ಬಿಡ್ತಿದ್ದೀನಿ ಅಂತ."

"ಅವರಿಗೂ ಕೇಳಿಸ್ತಿದೆ, ನೀವೇ ಹೇಳಿ."

ಸ್ವಲ್ಪ ಹೊತ್ತು ಗರಗರ ಸದ್ದು. ಆಮೇಲೆ ಆ ತುದಿಯ ದನಿ: "ಮೇಡಂ, ಈ ಕಡೆ ನಿಲ್ಲಿಸಿದ್ದೀನಿ ಅಂತ ಆ ಕಡೆ ಇರೋರಿಗೆ ನೀವೇ ತಿಳಿಸಿಬಿಡಿ."

ಅವರಿಬ್ಬರೂ ಬೀಗರು. ಟಾರ್ಚಮ್ಮನ ಮಗನಿಗೆ ಆಕೆಯ ಮಗಳನ್ನು ಕೊಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಟಾರ್ಚಮ್ಮ ಬೀಗರ ಮನೆಗೆ ಹೋಗಿದ್ದಾಗ ಕೂತ ಪ್ಲಾಸ್ಟಿಕ್ ಕುರ್ಚಿ ಕಾಲು ಮುರಿದು ನೆಲಕ್ಕೆ ಬಿತ್ತು, ಜೊತೆಗೆ ಟಾರ್ಚಮ್ಮನೂ. ಬೀಗಿತ್ತಿ ಮೊದಲು ನಕ್ಕರು, ಆಮೇಲೆ ಕೈಹಿಡಿದು ಎಬ್ಬಿಸಿದರು. ಎಬ್ಬಿಸುವಾಗ, "ಹಳೇ ಕುರ್ಚಿ, ತಪ್ಪು ತಿಳ್ಕೋಬೇಡಿ," ಎಂದರು. ನಕ್ಕಿದ್ದನ್ನು ಬೇಕಾದರೆ ಮರೆಯಬಹುದಿತ್ತು. ಆದರೆ ಹಳೇ ಕುರ್ಚಿ ಎಂದು ಗೊತ್ತಿದ್ದೂ ತನಗೇ ಯಾಕೆ ಹಾಕಿದರು ಎಂಬ ಪ್ರಶ್ನೆ ಟಾರ್ಚಮ್ಮನ ಗಂಟಲಲ್ಲಿ ಮುಳ್ಳಾಗಿ ಉಳಿಯಿತು. ಅವತ್ತಿನಿಂದ ಮಾತಿಲ್ಲ. ಮೊಮ್ಮಗಳು ಹುಟ್ಟಿ, ನಡೆದು, ಮಾತು ಕಲಿತರೂ ಇವರಿಬ್ಬರು ಕಲಿಯಲಿಲ್ಲ. ಹೊಲಿಗೆ ಕಾರ್ಖಾನೆಗೆ ಹೋಗುವ ಸೊಸೆ ಒಮ್ಮೆ ಆ ದಾರಿಯಲ್ಲಿ ಸಿಕ್ಕಾಗ ನನಗೆ ಹೇಳಿದಳು: "ನಿಮಗೆ ಈ ರಸ್ತೇಲಿ ಮಾತ್ರ. ನನಗೆ ಮನೇಲೂ ಎರಡೂ ಕಡೆ ಕೆಂಪು ಬಾವುಟ."

ಹಾಗಾಗಿ ಕೆಲವು ದಿನ ಈ ತುದಿಯ ಮಾತನ್ನು ಆ ತುದಿಗೂ, ಆ ತುದಿಯದನ್ನು ಈ ತುದಿಗೂ ನಾನೇ ದಾಟಿಸಿದೆ. ಒಂದು ಮಧ್ಯಾಹ್ನ ನಾನು ಗುಂಡಿಯೊಳಗೆ ಇಳಿದು ಪೈಪಿನ ಜೋಡಣೆ ನೋಡುತ್ತಿದ್ದೆ, ವಾಕಿಟಾಕಿ ಮೇಲೆ ಮಣ್ಣಿನ ದಿಬ್ಬದಲ್ಲಿತ್ತು. ಥಿಯೇಟರಿನ ತಿರುವಿನಲ್ಲಿ ಬ್ರೆಡ್ಡಿನ ವ್ಯಾನೂ ಕಸದ ಟ್ರ್ಯಾಕ್ಟರೂ ಮೂತಿಗೆ ಮೂತಿ ಕೊಟ್ಟು ನಿಂತವು. ಹಿಂದಕ್ಕೆ ಹೋಗಲು ಇಬ್ಬರಿಗೂ ಜಾಗವಿಲ್ಲ. ಬಿಡಿಸುವಷ್ಟರಲ್ಲಿ ಸಾಯಂಕಾಲವಾಯಿತು. ಬ್ರೆಡ್ಡಿನವರು ಕಸದ ವಾಸನೆಯ ಬಗ್ಗೆಯೇ ಬೇರೆ ದೂರು ಕೊಟ್ಟರು.

ಸಾಹೇಬರು ಇಬ್ಬರನ್ನೂ ಕರೆಸಿದರು. "ಇನ್ನೊಂದು ಸಲ ಹೀಗಾದ್ರೆ ಇಬ್ಬರನ್ನೂ ಮನೆಗೆ ಕಳಿಸಿ ಸಿಗ್ನಲ್ ದೀಪದ ಕಂಬ ಹಾಕಿಸ್ತೀನಿ. ಕಂಬಕ್ಕೆ ಬೀಗರು ಇರಲ್ಲ."

ಟಾರ್ಚಮ್ಮ ಆ ದಿನ ಚಹಾ ಕುಡಿಯಲಿಲ್ಲ.

ಮಾತೇ ಬೇಡದ ಒಂದು ಉಪಾಯ ನನಗೆ ಹೊಳೆಯಿತು. ನೀಲಿ ನೀರಿನ ಪೈಪಿನ ಒಂದು ಮೊಳದುದ್ದದ ತುಂಡಿಗೆ ಕೆಂಪು ಟೇಪು ಸುತ್ತಿದೆ. ಇದೇ ಕೋಲು. ಕೋಲು ಯಾರ ಕೈಯಲ್ಲಿದೆಯೋ ಅವರ ಕಡೆಯ ಗಾಡಿಗಳು ಹೋಗುತ್ತವೆ. ಸಾಕು ಅನ್ನಿಸಿದಾಗ ಕೊನೆಯ ಗಾಡಿಯವರ ಕೈಗೆ ಕೋಲು ಕೊಟ್ಟು ಬಿಡಬೇಕು. ಅವರು ಅದನ್ನು ಆ ತುದಿಯಲ್ಲಿ ಒಪ್ಪಿಸುತ್ತಾರೆ. ಆಗ ಆ ಕಡೆಯ ಗಾಡಿಗಳಿಗೆ ದಾರಿ. ಕೋಲು ಬಾರದೆ ಯಾರೂ ಯಾರನ್ನೂ ಬಿಡುವ ಹಾಗಿಲ್ಲ. ಹಿಂದೆ ಒಂಟಿ ಹಳಿಯ ಮೇಲೆ ರೈಲು ಬಿಡುತ್ತಿದ್ದದ್ದೂ ಹೀಗೆಯೇ ಎಂದು ಸಾಹೇಬರು ನಕ್ಕರು. "ರೈಲು ಬರೋಕೆ ಮುಂಚೇನೇ ರೈಲಿನ ಪದ್ಧತಿ ಬಂತಲ್ಲಮ್ಮಾ."

ಒಂದೇ ಒಂದು ಎಚ್ಚರ ಬೇಕಿತ್ತು. ಥಿಯೇಟರ್ ಗೋಡೌನಿನ ಗೇಟು ಆ ಕಿರಿದಾದ ಭಾಗದ ನಡುವೆಯೇ ಇತ್ತು. ಅದರೊಳಗೆ ಹೋಗುವ ಗಾಡಿಗೆ ಕೋಲು ಕೊಡಬಾರದು. ಕೊಟ್ಟರೆ ಕೋಲು ಆ ತುದಿ ಮುಟ್ಟುವುದಿಲ್ಲ. ಇದನ್ನು ಇಬ್ಬರಿಗೂ ಹೇಳಿದೆ. ಟಾರ್ಚಮ್ಮ, "ಆ ಗೇಟು ನನಗೆ ಗೊತ್ತಿಲ್ವಾ?" ಎಂದರು.

ಕೋಲು ಓಡಾಡತೊಡಗಿತು. ಜನಕ್ಕೂ ಮಜಾ. ಕೋಲು ಸಿಕ್ಕಿದವರು ಕಿಟಕಿಯಿಂದ ಎತ್ತಿ ತೋರಿಸುತ್ತಾ ಮೆರವಣಿಗೆಯ ಹಾಗೆ ಹೋಗುತ್ತಿದ್ದರು. ಆಮೇಲೆ ಕೋಲಿನ ಜೊತೆಗೆ ಬೇರೆಯದೂ ಸಾಗತೊಡಗಿತು. ಮೊಪೆಡ್ಡಿನಲ್ಲಿ ಮೊಟ್ಟೆ ಮಾರುವವನೊಬ್ಬ ದಿನಕ್ಕೆ ಹಲವು ಸಲ ಅತ್ತಿತ್ತ ಹೋಗುತ್ತಿದ್ದ. ಟಾರ್ಚಮ್ಮ ಅವನಿಗೆ ಕೋಲು ಕೊಡುತ್ತಾ, "ಆ ಕಡೆ ಇರೋರಿಗೆ ಹೇಳು, ಮಗೂಗೆ ನೆಗಡಿ, ಐಸ್‌ಕ್ರೀಮ್ ಕೊಟ್ಟವರು ಯಾರು ಅಂತ ಗೊತ್ತಿದೆ ಅಂತ," ಎನ್ನುತ್ತಿದ್ದರು. ಅವನು ಹಿಂದಿರುಗುವಾಗ ಉತ್ತರ: "ನೆಗಡಿ ಐಸ್‌ಕ್ರೀಮಿಂದ ಅಲ್ವಂತೆ. ಬೆಳಗ್ಗೆ ತಲೆ ಒರೆಸದೆ ಕಳಿಸಿದ್ರಿಂದ ಅಂತೆ."

"ಹಾಗಂದ್ಳಾ?"

"ಇನ್ನೂ ಇತ್ತು ಟಾರ್ಚಮ್ಮಾ. ದಾರೀಲಿ ಬಿಸಾಕಿ ಬಂದೆ. ಜಗಳ ಭಾರ, ಮೊಟ್ಟೆ ಒಡೀತವೆ."

ಹೀಗೆ ಸಾಗುತ್ತಿದ್ದಾಗ ಮೇಲಿನ ಕಚೇರಿಯ ದೊಡ್ಡ ಸಾಹೇಬರು ಬರುವ ದಿನ ಗೊತ್ತಾಯಿತು. ಪೈಪು, ಕೇಬಲ್ಲು ಸರಿಸುವ ಕೆಲಸ ಸರಿಯಾಗಿ ಸಾಗಿದೆ ಎಂದು ಅವರು ಕಣ್ಣಾರೆ ಕಂಡು ಒಪ್ಪಿದರೆ ಮಾತ್ರ ಮುಂದೆ ಹಳಿಯ ಕೆಲಸ ಶುರು. ಸೈಟ್ ಸಾಹೇಬರು ಬೆಳಗ್ಗೆಯೇ ಇಬ್ಬರಿಗೂ ಹೇಳಿದರು: "ಇವತ್ತು ರಸ್ತೆ ನೀರಿನ ಹಾಗೆ ಹರೀಬೇಕು." ಟಾರ್ಚಮ್ಮ ಇಸ್ತ್ರಿ ಮಾಡಿದ ಹಳದಿ ಕೋಟು ಹಾಕಿಕೊಂಡು ಬಂದಿದ್ದರು.

ಮಧ್ಯಾಹ್ನದ ಹೊತ್ತಿಗೆ ನಾನು ಥಿಯೇಟರಿನ ಎದುರಿನ ಗುಂಡಿಯಲ್ಲಿದ್ದೆ. ಮೇಲೆ ಹಾರನ್ ಸದ್ದು ಕೇಳತೊಡಗಿತು. ಮೊದಲು ಒಂದು ಕಡೆಯಿಂದ, ಆಮೇಲೆ ಎರಡೂ ಕಡೆಯಿಂದ. ಏಣಿ ಹತ್ತಿ ನೋಡಿದರೆ ನಡುವಿನ ರಸ್ತೆ ಬಟಾಬಯಲು. ಒಂದು ಗಾಡಿಯೂ ಇಲ್ಲ. ಎರಡು ತುದಿಯಲ್ಲೂ ಸಾಲುಗಟ್ಟಿ ನಿಂತಿವೆ, ನಡುವೆ ನಾಯಿಯೊಂದು ಮಲಗಿದೆ.

ವಾಕಿಟಾಕಿ ಒತ್ತಿದೆ. "ಟಾರ್ಚಮ್ಮಾ, ಯಾಕೆ ಬಿಡ್ತಿಲ್ಲ?"

"ಕೋಲು ನನ್ನ ಹತ್ರ ಇಲ್ಲ. ಆ ಕಡೆ ಇರೋರು ಇಟ್ಕೊಂಡು ಕೂತಿದ್ದಾರೆ. ದೊಡ್ಡ ಸಾಹೇಬರ ಜೀಪು ಆ ಕಡೆಯಿಂದ ಬರ್ತಿದೆಯಲ್ಲ, ಜಂಭ."

"ಮೇಡಂ," ಎಂದಿತು ಆ ತುದಿ, "ಕೋಲು ನನಗೆ ಬಂದೇ ಇಲ್ಲ. ಜೀಪು ನನ್ನ ಮುಂದೆ ನಿಂತಿದೆ, ಸಾಹೇಬರು ನನ್ನ ಮುಖ ನೋಡ್ತಿದ್ದಾರೆ. ಕೋಲು ಬರದೆ ಬಿಡಲ್ಲ ಅಂದಿದ್ದೀನಿ. ಆ ಕಡೆ ಇರೋರು ನನ್ನ ಮಾನ ಕಳೀಬೇಕು ಅಂತಾನೇ ಮಾಡ್ತಿರೋದು."

"ಯಾರ ಮಾನ?" ಟಾರ್ಚಮ್ಮನ ದನಿ ಏರಿತು. ಆಮೇಲೆ ಎರಡೂ ಕಡೆಯಿಂದ ಒಟ್ಟಿಗೆ ಒತ್ತಿದ್ದರಿಂದ ಬರೀ ಗರಗರ.

ತುಸು ಹೊತ್ತಿನಲ್ಲಿ ತಿರುವಿನ ಈ ಕಡೆಯಿಂದ ಟಾರ್ಚಮ್ಮ ದಡದಡ ನಡೆದು ಬಂದರು, ಕೈಯಲ್ಲಿ ಕೆಂಪು ಬಾವುಟ. ಆ ಕಡೆಯಿಂದ ಬೀಗಿತ್ತಿ ಉದ್ದುದ್ದ ಹೆಜ್ಜೆ ಹಾಕುತ್ತಾ ಬಂದರು, ಅವರ ಕೈಯಲ್ಲೂ ಬಾವುಟ. ಗೋಡೌನಿನ ಗೇಟಿನೆದುರು ಇಬ್ಬರೂ ನಿಂತರು. ನಾಯಿ ಎದ್ದು ಹೋಯಿತು.

"ಕೋಲು ಎಲ್ಲಿ ಬೀಗ್ರೇ?" ಟಾರ್ಚಮ್ಮನೇ ಮೊದಲು ಕೇಳಿದ್ದು.

"ನನ್ನನ್ನ ಕೇಳ್ತೀರಾ? ನಿಮ್ಮ ಕಡೆಯಿಂದ ಹೊರಟಿದ್ದೇ ಇಲ್ಲ."

"ಹೊರಟಿದೆ. ನನ್ನ ಕೈಯಾರೆ ಕೊಟ್ಟಿದ್ದೀನಿ. ಕುರ್ಚಿ ತುಂಬ್ಕೊಂಡು ಬಂದ ಆಟೋದವನಿಗೆ..."

ಮೂವರೂ ಗೇಟಿನ ಕಡೆ ತಿರುಗಿದೆವು. ಗೋಡೌನಿನ ದೊಡ್ಡ ಗೇಟು ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಕೆಳಗೆ ಏನನ್ನೋ ಒತ್ತುಕೊಟ್ಟಿದ್ದರು. ನೀಲಿ ಬಣ್ಣ, ಕೆಂಪು ಟೇಪು. ಒಳಗೆ, ಒಂದರ ಮೇಲೊಂದು ಜೋಡಿಸಿದ ಹೊಸ ಕುರ್ಚಿಗಳ ಪಕ್ಕ, ಆಟೋದವನು ಒಂದು ಕುರ್ಚಿಯಲ್ಲಿ ಕೂತು ಊಟ ಮಾಡುತ್ತಿದ್ದ.

"ಇಳಿಸೋದು ಮುಗಿಸಿ ಕೊಟ್ಟು ಬರೋಣ ಅಂತಿದ್ದೆ," ಎಂದ ಅವನು, ತುತ್ತು ಬಾಯಲ್ಲಿಟ್ಟುಕೊಂಡೇ. "ಕೋಲಿನ ಜೊತೆ ಏನೋ ಹೇಳ್ಬೇಕಂತಲೂ ಅಂದಿದ್ರಲ್ಲ ಟಾರ್ಚಮ್ಮ."

"ಏನು ಹೇಳ್ಬೇಕಂತೆ?" ಬೀಗಿತ್ತಿ ಕೇಳಿದರು.

ಆಟೋದವನು ಟಾರ್ಚಮ್ಮನ ಮುಖ ನೋಡಿ ಮತ್ತೊಂದು ತುತ್ತು ಬಾಯಿಗಿಟ್ಟುಕೊಂಡ. ಟಾರ್ಚಮ್ಮ ಬಾವುಟದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಇಸ್ತ್ರಿಯ ಕೋಟಿನೊಳಗೆ ಅವರು ಸಣ್ಣವರಾದ ಹಾಗೆ ಕಂಡಿತು. "ತಪ್ಪು ನಂದೇ. ಇವನು ಗೋಡೌನಿಗೆ ಹೋಗೋನು ಅಂತ ಗೊತ್ತಿತ್ತು. ಆದ್ರೆ ಗಾಡಿ ತುಂಬ ಕುರ್ಚಿ ಕಾಣಿಸ್ತು, ತಡೆಯೋಕಾಗ್ಲಿಲ್ಲ. ಗೋಡೌನು ಆಮೇಲೆ, ಮೊದಲು ಆ ತುದಿಗೆ ಹೋಗಿ ಬೀಗರಿಗೆ ತೋರಿಸು, ಬಂದವರಿಗೆ ಹಾಕೋ ಕುರ್ಚಿ ಹೀಗೆ ಗಟ್ಟಿಯಾಗಿರ್ಬೇಕು ಅಂತ ಹೇಳು, ಅಂದೆ."

ಬೀಗಿತ್ತಿಯ ಭುಜ ಅಲುಗಿತು. ನಗು ತಡೆಯಲು ಬಾವುಟವನ್ನೇ ಬಾಯಿಗೆ ಒತ್ತಿಕೊಂಡರು. "ನೋಡಿ, ಮತ್ತೆ ನಗು ಬಂತು. ನಾನೇನು ಮಾಡ್ಲಿ ಬೀಗ್ರೇ, ನನಗೆ ನಗು ಮುಂಚೆ ಬರತ್ತೆ, ಬುದ್ಧಿ ಆಮೇಲೆ. ಅವತ್ತೂ ಅಷ್ಟೇ."

"ನನಗೆ ಸಿಟ್ಟು ಮುಂಚೆ ಬರತ್ತೆ," ಎಂದರು ಟಾರ್ಚಮ್ಮ. ಆದರೆ ಅವರ ತುಟಿಯೂ ಸಡಿಲವಾಗಿತ್ತು.

ಅಷ್ಟರಲ್ಲಿ ಸೈಟ್ ಸಾಹೇಬರು ಆಸ್ಪತ್ರೆ ಕಡೆಯಿಂದ ಏದುಸಿರು ಬಿಡುತ್ತಾ ಓಡಿಬಂದರು. ನಾನು ಗೇಟಿನಡಿಯಿಂದ ಕೋಲು ಎಳೆದು ಬೀಗಿತ್ತಿಯ ಕೈಗೆ ಕೊಟ್ಟೆ. "ಯಾರ ತಪ್ಪು?" ಎಂದು ಸಾಹೇಬರು ಕೇಳಿದರು.

"ನಂದು," ಎಂದರು ಟಾರ್ಚಮ್ಮ.

"ಅರ್ಧ ನಂದು," ಎಂದರು ಬೀಗಿತ್ತಿ. "ಕೋಲು ಬರ್ಲಿಲ್ಲ ಅಂದ ತಕ್ಷಣ ವಾಕಿಟಾಕೀಲಿ ಕೇಳ್ಬೇಕಿತ್ತು. ಬೀಗರ ಹತ್ರ ಮೊದಲು ಮಾತಾಡೋದು ನಾನ್ಯಾಕೆ ಅಂತ ಸುಮ್ನಿದ್ದೆ."

"ನಿಮ್ಮ ಅರ್ಧ ಅರ್ಧ ಕಟ್ಕೊಂಡು ನಾನೇನು ಮಾಡ್ಲಿ? ಬಂದವರು ಜೀಪಲ್ಲಿ ಬೇಯ್ತಿದ್ದಾರೆ." ಸಾಹೇಬರು ಬೆವರು ಒರೆಸಿಕೊಂಡರು. "ನೋಡಿ, ಸೋಮವಾರ ದೀಪದ ಕಂಬ ಬರತ್ತೆ. ಬರಬಾರದು ಅಂದ್ರೆ ಒಂದೇ ದಾರಿ. ಇವತ್ತಿಂದ ಪ್ರತಿ ಸಲ ಕೋಲು ಹೊರಟಾಗ ಒಬ್ಬರು ಹೇಳ್ಬೇಕು, ಸಿಕ್ಕಾಗ ಇನ್ನೊಬ್ಬರು ಹೇಳ್ಬೇಕು. ಬಾಯಿಬಿಟ್ಟು, ವಾಕಿಟಾಕೀಲಿ. ಈ ಹುಡುಗಿ ಮೂಲಕ ಅಲ್ಲ, ಮೊಟ್ಟೆಯವನ ಮೂಲಕ ಅಲ್ಲ. ಒಂದು ಸಲ ತಪ್ಪಿದ್ರೂ ಕಂಬ."

ಇಬ್ಬರೂ ತಮ್ಮ ತಮ್ಮ ತುದಿಗೆ ಹೋದರು. ಕೋಲು ಬೀಗಿತ್ತಿಯ ಬಳಿ ಇದ್ದದ್ದರಿಂದ ಮೊದಲು ಮಾತಾಡಬೇಕಾದವರು ಅವರೇ. ನಾನು ವಾಕಿಟಾಕಿ ಕಿವಿಗಿಟ್ಟು ಕಾದೆ. ಹಾರನ್ನುಗಳು ನಿಂತವು. ಜೀಪು ನನ್ನ ಮುಂದೆ ಹಾದುಹೋಯಿತು. ದೊಡ್ಡ ಸಾಹೇಬರು ಗುಂಡಿಯ ಕಡೆ ಕಣ್ಣು ಹಾಯಿಸಿ ಏನನ್ನೋ ಕೇಳಿದರು, ಪಕ್ಕದಲ್ಲಿ ಕೂತಿದ್ದ ಸೈಟ್ ಸಾಹೇಬರು ತಲೆಯಾಡಿಸಿದರು. ಜೀಪಿನ ಹಿಂದೆ ಉಳಿದ ಗಾಡಿಗಳು. ಎಲ್ಲದರ ಕೊನೆಗೆ ಗರಗರ ಸದ್ದು.

"ಬೀಗ್ರೇ. ಕೋಲು ಹೊರಟಿದೆ. ಹಾಲಿನ ವ್ಯಾನು."

ಹಾಲಿನ ವ್ಯಾನು ನನ್ನ ಮುಂದೆ ಹಾದು ತಿರುವಿನಾಚೆ ಹೋಯಿತು. ಆಮೇಲೆ ಟಾರ್ಚಮ್ಮ: "ಸಿಕ್ತು ಬೀಗ್ರೇ." ಮಾತು ಅಲ್ಲಿಗೇ ನಿಂತುಹೋಗುತ್ತದೆ ಅಂದುಕೊಂಡೆ.

"ಇನ್ನೊಂದು ಮಾತು," ಎಂದಿತು ಆ ತುದಿ. "ಕಬ್ಬಿಣದ ಕುರ್ಚಿ ಒಂದು ತಂದಿಟ್ಟಿದ್ದೀನಿ. ಆಗಲೇ, ನೀವು ಬಂದುಹೋದ ವಾರದಲ್ಲೇ. ಯಾರನ್ನೂ ಕೂರೋಕೆ ಬಿಟ್ಟಿಲ್ಲ. ನೀವೇ ಬರ್ಲಿಲ್ಲ."

ಟಾರ್ಚಮ್ಮನ ತುದಿಯಿಂದ ಗಾಡಿಗಳು ಒಂದೊಂದಾಗಿ ತಿರುವು ದಾಟಿ ಬರುತ್ತಿದ್ದವು. ಕೊನೆಗೆ ಅವರ ದನಿ: "ಅದು ಗಟ್ಟಿಯಾಗಿದ್ಯಾ?"

"ನಾನು ಅದರ ಮೇಲೆ ನಿಂತು ಫ್ಯಾನ್ ಒರೆಸ್ತೀನಿ."

"ನೀವು ನಿಂತ್ರೆ ಏನು ಲೆಕ್ಕ? ಕಡ್ಡಿ ಥರ ಇದ್ದೀರಿ. ನಾನು ಬಂದು ನೋಡ್ತೀನಿ. ಭಾನುವಾರ."

ಭಾನುವಾರ ಟಾರ್ಚಮ್ಮ ಹೋಗಿ ಕೂತರು. ಸೊಸೆ ಹೇಳಿದ ಪ್ರಕಾರ, ಮೊದಲು ಕುರ್ಚಿಯನ್ನು ಕೈಯಲ್ಲಿ ಅಲುಗಾಡಿಸಿ ನೋಡಿ, ಮೊಮ್ಮಗಳನ್ನು ಕೂರಿಸಿ ನೋಡಿ, ಆಮೇಲೆ ಕೂತರಂತೆ, ಎದ್ದದ್ದು ಸಾಯಂಕಾಲವಂತೆ.

ಸೋಮವಾರ ಕಂಬ ಬರಲಿಲ್ಲ. ಅದರ ಬದಲಿಗೆ ಹೊಸ ದೂರು ಬಂತು, ಅದೂ ಸೈಟ್ ಸಾಹೇಬರಿಂದಲೇ. ಅವರು ನನ್ನ ವಾಕಿಟಾಕಿ ತೆಗೆದುಕೊಂಡು ಯಾರನ್ನು ಕರೆಯಹೋದರೂ ಮೊಮ್ಮಗಳ ನೆಗಡಿ, ಅಳಿಯನ ಹೊಸ ಸ್ಕೂಟರು, ಯಾರದೋ ಮನೆಯ ಸೋರುವ ತಾರಸಿ. "ಲೈನ್ ಬಿಡ್ರಮ್ಮಾ," ಎಂದು ಅವರು ಕೂಗುವುದು ನಮಗೆಲ್ಲ ಅಭ್ಯಾಸವಾಯಿತು. "ಮುಂಚೆ ಮಾತಾಡಲ್ಲ ಅಂತ ತಲೆನೋವು, ಈಗ ನಿಲ್ಲಿಸಲ್ಲ ಅಂತ ತಲೆನೋವು." ಮೊಟ್ಟೆಯವನಿಗೆ ಮಾತ್ರ ಬೇಸರ, ತನ್ನ ಕೆಲಸ ಹೋಯಿತು ಎಂದು ಎಲ್ಲರ ಹತ್ತಿರ ಹೇಳಿಕೊಂಡ.

ಪೈಪು, ಕೇಬಲ್ಲು, ಚರಂಡಿ ಎಲ್ಲ ಸರಿದವು. ಗುಂಡಿ ಮುಚ್ಚಿ ರಸ್ತೆಗೆ ಡಾಂಬರು ಬಿತ್ತು. ದೊಡ್ಡ ಸಾಹೇಬರು ಒಪ್ಪಿ ಹಳಿಯ ಕೆಲಸ ಶುರುವಾದಾಗ ಸೈಟ್ ಸಾಹೇಬರು ಇಬ್ಬರನ್ನೂ ಕರೆಸಿ, ಒಟ್ಟಿಗೇ ಬರುವುದಾದರೆ ಬನ್ನಿ ಎಂದರು.

ಈಗ ಟಾರ್ಚಮ್ಮ ಮಣ್ಣಿನ ಲಾರಿಗಳು ಊರಿನ ರಸ್ತೆ ದಾಟುವ ಜಾಗದಲ್ಲಿ ಬೆಳಗ್ಗೆಯ ಪಾಳಿಯಲ್ಲಿ ಬಾವುಟ ಹಿಡಿದು ನಿಲ್ಲುತ್ತಾರೆ. ರಸ್ತೆಯ ಆ ಬದಿಗೆ ಅವರ ಬೀಗಿತ್ತಿ ನಿಲ್ಲುತ್ತಾರೆ.